‘ಕ’ದ ಕೆಳಗೆ ಎರಡು ಚುಕ್ಕೆ

ಜಯನಗರಕ್ಕೆ ಬಂದ ದಿನವೇ ನಾನು ಯಾರನ್ನೂ ಹೂಳದ ಜಾಗಕ್ಕೆ ಫಾತಿಹಾ ಓದಿಬಿಟ್ಟೆ.

ಹಿರಿಯೂರಿನಿಂದ ಬಸ್ಸಿನಲ್ಲಿ ಬಂದು ಇಳಿದು, ಪಾತ್ರೆ ಮೂಟೆ, ಹಾಸಿಗೆ ಗಂಟು, ಹತ್ತಿ ಹಿಂಜುವ ಬಿಲ್ಲು ಎಲ್ಲವನ್ನೂ ಜಟಕಾಕ್ಕೆ ಏರಿಸಿ ಹೊರಟಿದ್ದೆವು. ಲಾಲ್‌ಬಾಗಿನ ಬೇಲಿ ಮುಗಿಯಿತು. ಮನೆಗಳು ತೆಳ್ಳಗಾದವು. ಆಮೇಲೆ ಬರೀ ಬಯಲು. ಬಯಲಿನ ತುಂಬ ಮೊಣಕಾಲೆತ್ತರದ ಕಲ್ಲುಗಳು, ದಾರ ಹಿಡಿದು ನೆಟ್ಟ ಹಾಗೆ ಸಾಲು ಸಾಲು, ಒಂದೊಂದರ ಮೇಲೂ ಏನೋ ಕೆತ್ತಿದೆ. ಇಷ್ಟು ದೊಡ್ಡ ಗೋರಿಸ್ತಾನವನ್ನು ನಾನು ಕಂಡೇ ಇರಲಿಲ್ಲ. ಸೆರಗು ತಲೆಗೆ ಎಳೆದುಕೊಂಡು, ಎರಡೂ ಕೈ ಎತ್ತಿ ಸತ್ತವರಿಗಾಗಿ ಓದುವ ಫಾತಿಹಾ ಓದತೊಡಗಿದೆ.

ನನ್ನ ಮಗ ದಾದಾಪೀರ ತಿರುಗಿ ನೋಡಿದ. “ಅವ್ವಾ, ಯಾರಿಗೆ ಓದ್ತಿದ್ದೀಯ?”

“ಪಾಪ ಕಣೋ, ಎಷ್ಟು ಜನ ಹೋಗ್ಯಾರೆ ನೋಡು. ಕಾಲರಾ ಬಂದಿತ್ತೇನೋ.”

ಜಟಕಾದವನು ಕುದುರೆಯ ಹಗ್ಗ ಬಿಟ್ಟು ನಗುವುದಕ್ಕೆ ಶುರುಮಾಡಿದ. “ಅಮ್ಮೋ, ಅವು ಸೈಟು ಕಲ್ಲು! ಅಲ್ಲಿರೋರು ಯಾರೂ ಸತ್ತಿಲ್ಲ. ಇನ್ನೂ ಗಾರೆ ಕಲ್ಸೋಕೆ ಬರ್ಬೇಕು ಅವ್ರು!”

ಸೈಟು ಎಂದರೆ ಮನೆ ಕಟ್ಟುವುದಕ್ಕೆ ಅಳೆದು ಬಿಟ್ಟ ಜಾಗ. ಕಲ್ಲಿನ ಮೇಲೆ ಕೆತ್ತಿದ್ದು ಹೆಸರಲ್ಲ, ನಂಬರು. ನಮ್ಮೂರಲ್ಲಿ ಪಿಂಜಾರ ಓಣಿ, ಅಗಸರ ಕಟ್ಟೆ, ಹುಣಸೇಮರದ ತಿರುವು ಎಂದು ಜಾಗಕ್ಕೆ ಹೆಸರಿರುತ್ತದೆ. ಹೆಸರು ಕೇಳಿದರೆ ಅಲ್ಲಿನ ಜಗಳಗಳೂ ನೆನಪಾಗುತ್ತವೆ. ಇಲ್ಲಿ ‘ಬ್ಲಾಕು’, ‘ಮೇನು’, ‘ಕ್ರಾಸು’. ಮೇನು ಎಂದರೆ ದೊಡ್ಡ ಬೀದಿ, ಕ್ರಾಸು ಎಂದರೆ ಅದಕ್ಕೆ ಅಡ್ಡ ಬೀದಿ. ಇಷ್ಟು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾಲ್ಕು ಸಲ ಕಳೆದುಹೋಗಿದ್ದೆ.

ಇದು ನಯಾಪೈಸೆ ಬಂದ ಹೊಸದರ ಮಾತು. ಈಗ ಮೂರು ವರ್ಷವಾಯಿತು. ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು, ಅದೂ ಕನ್ನಡ ಶಾಲೆಯಲ್ಲಿ. ಪತ್ರಿಕೆಗೆ ಬರೆಯುವಷ್ಟು ವಿದ್ಯೆ ನನಗಿಲ್ಲ. ಆದರೆ ಹೊಟ್ಟೆಯಲ್ಲಿ ಇಷ್ಟು ಸಂತೋಷ ಇಟ್ಟುಕೊಂಡು ಸುಮ್ಮನೆ ಕೂರಲು ಆಗುತ್ತಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಬಂದದ್ದು ಮಗನ ಕಸುಬಿನ ಹಿಂದೆ. ನಾವು ಪಿಂಜಾರರು, ಹತ್ತಿ ಹಿಂಜಿ ಹಾಸಿಗೆ ತುಂಬುವವರು. ಹಿರಿಯೂರಿನಲ್ಲಿ ಒಂದು ಹಾಸಿಗೆಯಲ್ಲಿ ಮೂರು ತಲೆಮಾರು ಮಲಗುತ್ತಾರೆ. ಇಲ್ಲಿ ಹೊಸ ಬಡಾವಣೆ, ಹೊಸ ಮನೆ, ಹೊಸ ಮಂಚ. ಗೃಹಪ್ರವೇಶಕ್ಕೆ ಮೊದಲೇ ಹಾಸಿಗೆಗೆ ಹೇಳಿಕಳಿಸುತ್ತಾರೆ. ಬಸವನಗುಡಿಯಿಂದ ಬಂದ ಮೇಷ್ಟರು, ಗುಮಾಸ್ತರು, ಪೆನ್ಷನ್ ತೆಗೆದುಕೊಂಡವರು ದಾದಾಪೀರನನ್ನು ಕೂಗಿ ಕೂಗಿ ಕರೆಯುತ್ತಾರೆ. ಅವನು ಬಾಗಿಲ ಮುಂದೆ ಕೂತು ಬಿಲ್ಲು ಬಾರಿಸಿದರೆ ಆ ಕ್ರಾಸಿನ ಮಕ್ಕಳೆಲ್ಲ ಸುತ್ತ ನಿಲ್ಲುತ್ತವೆ.

ನಮಗೆ ಸಿಕ್ಕ ಮನೆ ಭೈರಸಂದ್ರದ ಹಳ್ಳಿಯ ಅಂಚಿನಲ್ಲಿ, ಮುನಿಯಮ್ಮ ಎಂಬಾಕೆಯ ಹಿತ್ತಲಿನ ಎರಡು ಕೋಣೆ. ನಾನು ಫಾತಿಹಾ ಓದಿದೆನಲ್ಲ, ಆ ಬಯಲು ಈಕೆಯ ರಾಗಿ ಹೊಲವಾಗಿತ್ತಂತೆ. ಬಡಾವಣೆಗೆ ಹೋಯಿತು. ಸುದ್ದಿ ಹೇಳಿದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. “ಓದಿದ್ ಸರ್ಯಾಗೇ ಐತೆ ಬುಡಮ್ಮ. ಆ ಹೊಲಕ್ಕೆ ಯಾರೂ ಒಂದ್ ಮಾತೂ ಓದಿರ್ಲಿಲ್ಲ.” ಮತ್ತೆ ಹೇಳಿದಳು: “ನೀನಾದ್ರೂ ಊರ್ ಬುಟ್ಟು ಬಂದೆ. ನಾನು ಕೂತಲ್ಲೇ ಕೂತಿದ್ದೆ, ಊರೇ ಎದ್ದು ನನ್ ಮೇಲೆ ಬಂತು.”

ಮನೆ ಸಿಕ್ಕಿತು, ಮಾತಿಗೆ ಮುನಿಯಮ್ಮ ಸಿಕ್ಕಳು, ನೀರು ಸೇದುವ ಬಾವಿ ಸಿಕ್ಕಿತು. ಸಿಗದೇ ಹೋದದ್ದು ಒಂದೇ: ನಾನು ಕೂತು ಓದುವ ಜಾಗ.

ಅದೇನು ಅಂಥ ದೊಡ್ಡ ವಿಷಯ ಎನ್ನಬೇಡಿ. ನಮ್ಮ ಓಣಿಯವರಿಗೆ ಗೊತ್ತು. ಗಂಡಸರ ಓದು ಮಸೀದಿಯಲ್ಲಿ, ಹೆಂಗಸರ ಓದು ಅಡುಗೆಮನೆ ಪಕ್ಕದ ಪಡಸಾಲೆಯಲ್ಲಿ. ಮಗು ಹುಟ್ಟಿ ನಲವತ್ತು ದಿನ ತುಂಬಿದರೆ, ಹುಡುಗಿ ಮೈನೆರೆದರೆ, ಮನೆಯಲ್ಲಿ ಸಾವಾದರೆ, ಮದುವೆ ಹಂದರ ಹಾಕಿದರೆ ಹೆಂಗಸರು ಸೇರಿ ಓದಬೇಕು. ಅದರಲ್ಲೂ ನಬಿಯವರು, ಎಂದರೆ ಪೈಗಂಬರರು, ಹುಟ್ಟಿದ ತಿಂಗಳು ಬಂತೆಂದರೆ ಮೊದಲ ಹನ್ನೆರಡು ದಿನ ಬಿಡುವಿಲ್ಲ. ದಿನಕ್ಕೊಂದು ಮನೆ, ಊದುಬತ್ತಿ, ಅವರ ಹೆಸರಿಗೆ ಹೇಳುವ ದರೂದ್, ಹಾಡು, ಕೊನೆಯಲ್ಲಿ ರೊಟ್ಟಿ ಬೆಲ್ಲ ಕುಟ್ಟಿದ ಮಲೀದ. ಮುಂದೆ ಕೂತು ಎತ್ತಿಕೊಡುವುದು ಒಬ್ಬಳು, ಮಿಕ್ಕವರದು ಹಿಂದಿನ ದನಿ. ನಮ್ಮತ್ತೆ ಇರುವವರೆಗೆ ಆ ಜಾಗ ಅವರದು. ಅವರು ಕಣ್ಣು ಮುಚ್ಚುವ ಮೊದಲು ನನ್ನ ಕೈ ಹಿಡಿದು ಕೂರಿಸಿದರು. ಮೂವತ್ತು ವರ್ಷ ನಾನು ‘ಓದೋ ಹುಸೇನಮ್ಮ’. ಊರಲ್ಲಿ ನನ್ನ ಗಂಡನನ್ನು ‘ಓದೋ ಹುಸೇನಮ್ಮನ ಗಂಡ’ ಎನ್ನುತ್ತಿದ್ದರು. ಅವರು ಅದಕ್ಕೆ ಬೇಜಾರು ಮಾಡಿಕೊಂಡವರಲ್ಲ.

ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಎಲ್ಲ ಬಾಯಲ್ಲೇ. ನನ್ನ ನಾಲ್ಕನೆಯ ಕ್ಲಾಸು ಉಪಯೋಗಕ್ಕೆ ಬಂದದ್ದು ಆಗ. ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಅರಬ್ಬಿ ಸಲಾಮುಗಳೂ ಕನ್ನಡ ಅಕ್ಷರದಲ್ಲಿ, ಹಾಡುಗಳೂ ಕನ್ನಡದಲ್ಲಿ. ಪಿಂಜಾರರ ಮನೆಮಾತು ಕನ್ನಡವೇ ಅಲ್ಲವೇ. ಉರ್ದು ಬರೆಯಲು ನಮಗೆ ಕಲಿಸಿದವರು ಯಾರು?

ಜಯನಗರದಲ್ಲಿ ಮೊದಲ ವರ್ಷ ಆ ತಿಂಗಳು ಬಂತು, ಹೋಯಿತು. ಯಾರೂ ಕರೆಯಲಿಲ್ಲ. ಹನ್ನೆರಡು ದಿನ ನಾನು ಹತ್ತಿಯ ರಾಶಿ ಮುಂದೆ ಒಬ್ಬಳೇ ಓದಿಕೊಂಡೆ. ಹಿಂದಿನ ದನಿ ಇಲ್ಲದೆ ಹಾಡುವುದೆಂದರೆ ಒಂದೇ ಕೈಯಲ್ಲಿ ರೊಟ್ಟಿ ತಟ್ಟಿದ ಹಾಗೆ. ಸೊಸೆ ಜೈತುನ್ ಒಲೆಯ ಹತ್ತಿರದಿಂದ ಒಂದೆರಡು ಸಾಲು ಸೇರಿಸಿದಳು, ಅವಳಿಗೂ ಕೆಲಸ.

ಆಮೇಲೆ ತಿಳಿಯಿತು: ಎರಡನೆಯ ಬ್ಲಾಕಿನ ಒಂದು ದೊಡ್ಡ ಮನೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹೆಂಗಸರ ಮಜ್ಲಿಸ್ ನಡೆಯುತ್ತದೆ. ಮಜ್ಲಿಸ್ ಎಂದರೆ ಕೂಟ. ನಡೆಸುವವರು ಮಹಬೂಬುನ್ನಿಸಾ ಎಂಬವರು, ನಿವೃತ್ತ ಅಧಿಕಾರಿಯ ಹೆಂಡತಿ. ಎಲ್ಲರೂ ಅವರನ್ನು ಆಪಾ ಎನ್ನುತ್ತಾರೆ, ಅಂದರೆ ಅಕ್ಕ. ನಾನು ಒಗೆದ ಸೀರೆ ಉಟ್ಟು, ನೋಟ್‌ಬುಕ್ಕು ಕಂಕುಳಲ್ಲಿಟ್ಟು, ಆರು ವರ್ಷದ ಮೊಮ್ಮಗಳು ಶಮೀಮಾಳ ಕೈ ಹಿಡಿದು ಹೋದೆ.

ಆ ಮನೆ! ನೆಲಕ್ಕೆ ರತ್ನಗಂಬಳಿ, ಬೆಳ್ಳಿಯ ಪನ್ನೀರುದಾನಿ, ಎಲ್ಲರ ಕೈಯಲ್ಲೂ ಅಚ್ಚು ಹಾಕಿದ ಉರ್ದು ಪುಸ್ತಕ. ಮಲೀದದ ಬದಲು ಬೇಕರಿಯಿಂದ ತಂದ ಬೂಂದಿ, ಕಾಗದದ ಪೊಟ್ಟಣದಲ್ಲಿ. ಆಪಾ ಓದಿದರೆ ಗಂಟೆ ಬಾರಿಸಿದ ಹಾಗೆ, ಒಂದೊಂದು ಅಕ್ಷರವೂ ಬೇರೆ ಬೇರೆ. ಸರದಿ ನನ್ನ ಹತ್ತಿರ ಬಂತು. ನಾನು ನಮ್ಮತ್ತೆಯ ಹಾಡನ್ನೇ ಎತ್ತಿದೆ:

ಕಲ್ಬಿನ ಮನೆಯಾಗೆ ದೀಪ ಹಚ್ಚೀನಿ
ಬಾಗಿಲ ತೆರೆದೀನಿ, ಬನ್ನಿರಿ ನಬಿಯೇ.

ಕಲ್ಬ್ ಎಂದರೆ ಹೃದಯ, ಅರಬ್ಬಿ ಮಾತು. ಮೂವತ್ತು ವರ್ಷ ಇದೇ ಹಾಡಿಗೆ ಹೆಂಗಸರು ಕಣ್ಣೀರು ಒರೆಸಿಕೊಂಡಿದ್ದರು. ಇಲ್ಲಿ ಸೆರಗುಗಳು ಬಾಯಿಗೆ ಹೋದವು. ಒಬ್ಬಳು ತಡೆಯಲಾಗದೆ ಕಿಸಕ್ಕೆಂದಳು. ಹಾಡು ನನ್ನ ಬಾಯಲ್ಲೇ ನಿಂತಿತು.

ಆಪಾ ನಗಲಿಲ್ಲ. ಅದೇ ಹೆಚ್ಚು ಉರಿಯಿತು. “ಅಮ್ಮಾ, ನೀವು ಏನು ಹೇಳಿದ್ರಿ ಗೊತ್ತಾ? ಹೃದಯ ಅಂದ್ರೆ ಗಂಟಲಿಂದ ಬರಬೇಕು. ನೀವು ಬಾಯಿಂದ ಹೇಳಿದ್ರಿ. ಬಾಯಿಂದ ಹೇಳಿದ್ರೆ ಅರ್ಥ ನಾಯಿ. ನಾಯಿ ಮನೇಲಿ ದೀಪ ಹಚ್ಚಿ ಯಾರನ್ನ ಕರೀತಿದ್ದೀರಿ, ತೌಬಾ ತೌಬಾ!”

ಹಿಂದಿನಿಂದ ಯಾರೋ ಹೇಳಿದರು, “ಹಳ್ಳಿಯವರು, ಪಾಪ. ಕನ್ನಡದಲ್ಲಿ ಬರ್ಕೊಂಡು ಬಂದವ್ರೆ.”

“ನೋಡಿ ಅಮ್ಮಾ, ತಪ್ಪು ಓದೋಕಿಂತ ಸರಿ ಕೇಳೋದು ಪುಣ್ಯ,” ಎಂದರು ಆಪಾ. “ಬರ್ಬೇಡಿ ಅನ್ನಲ್ಲ. ಬನ್ನಿ, ಕೂತ್ಕೊಂಡು ಕೇಳಿ. ಈ ಬುಕ್ ಮಾತ್ರ ಇಲ್ಲಿ ತೆಗೀಬೇಡಿ.”

ನಾನು ಎದ್ದು ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟಿದ್ದ ಕಡೆ ಹೋಗಿ ಕೂತೆ. ಮುಖದಲ್ಲಿ ಬೆಂಕಿ. ಅವಮಾನಕ್ಕಿಂತ ದೊಡ್ಡದು ಭಯ. ಮೂವತ್ತು ವರ್ಷ ಎಷ್ಟು ಬಾಣಂತಿಯರ ಮುಂದೆ, ಎಷ್ಟು ಸಾವಿನ ಮನೆಗಳಲ್ಲಿ ನಾಯಿ ನಾಯಿ ಎಂದೆನೋ! ನಮ್ಮತ್ತೆ ಎಂದರೋ! ಬೂಂದಿ ಪೊಟ್ಟಣ ಕೈಯಲ್ಲಿ ಹಿಡಿದು ಮನೆಗೆ ಬರುವಾಗ ದಾರಿ ಕಾಣಿಸಲಿಲ್ಲ.

ಮುನಿಯಮ್ಮನಿಗೆ ಹೇಳಿದೆ. ಆಕೆ ಎಮ್ಮೆಗೆ ಹುಲ್ಲು ಹಾಕುತ್ತ ಕೇಳಿದಳು. “ಅಲ್ಲಾ, ದೇವ್ರಿಗೆ ನಿನ್ ಗಂಟ್ಲು ಗೊತ್ತಿಲ್ವೇನಮ್ಮ? ಏನೋ ಅಂದೆ, ಏನೋ ತಿಳ್ಕೊಂಡಿರ್ತಾನೆ.”

ಸಮಾಧಾನ ಅದರಲ್ಲಿತ್ತು, ನಿಜ. ಆದರೆ ದೇವರು ತಿಳಿದುಕೊಂಡರೆ ಸಾಕಾಗದು. ಎದುರು ಕೂತ ಹೆಂಗಸರೂ ತಿಳಿಯಬೇಕು. ಅಲ್ಲದೆ ನನ್ನ ಬಗಲಲ್ಲಿ ಶಮೀಮಾ ಇದ್ದಳು. ಈ ಹಾಡು ನನ್ನಲ್ಲೇ ನಿಂತರೆ ಅವಳಿಗೆ ನಾನು ಕೊಡುವುದೇನು? ಚಪ್ಪಲಿ ಪಕ್ಕದ ಜಾಗವೇ? ಆಗುವುದಿಲ್ಲ ಎಂದುಕೊಂಡೆ. ಆ ಮನೆಯಲ್ಲೇ, ಆ ಗಂಬಳಿಯ ಮೇಲೇ ಕೂತು, ಇದೇ ನೋಟ್‌ಬುಕ್ಕಿನಿಂದಲೇ ಓದಬೇಕು.

ದಾರಿ ತೋರಿಸಿದ್ದು ಆ ಪುಟ್ಟ ಹುಡುಗಿ. ಅವಳು ಬೆಳಗ್ಗೆ ಅರಬ್ಬಿ ಓದಲು ಒಬ್ಬ ಉಸ್ತಾನಿಯ ಮನೆಗೆ ಹೋಗುತ್ತಿದ್ದಳು. ಉಸ್ತಾನಿ ಎಂದರೆ ಹೆಣ್ಣು ಮೇಷ್ಟ್ರು. ಮಾರನೆಯ ದಿನ ನನ್ನ ಮುಂದೆ ಹಲಗೆ ಇಟ್ಟುಕೊಂಡು ಕೂತಳು.

“ಅಜ್ಜೀ, ಕಾಫ್ ಎರಡಿದಾವೆ. ಒಂದು ಬಾಯಲ್ಲಿ, ಒಂದು ಗಂಟ್ಲಲ್ಲಿ. ಗಂಟ್ಲಿಂದಕ್ಕೆ ತಲೆ ಮೇಲೆ ಎರಡು ಚುಕ್ಕೆ. ನಿನ್ನ ಬುಕ್ಕಲ್ಲಿ ಚುಕ್ಕೇನೇ ಇಲ್ವಲ್ಲ?”

ನಾನು ನೋಟ್‌ಬುಕ್ಕು ಬಿಚ್ಚಿ ನೋಡಿದೆ. ಹೌದು. ನಮ್ಮ ಶಾಲೆಯಲ್ಲಿ ಕಮಲದ ‘ಕ’ ಒಂದೇ. ಹೃದಯಕ್ಕೂ ಅದೇ, ನಾಯಿಗೂ ಅದೇ. ಅತ್ತೆಯ ಬಾಯಲ್ಲಿ ಗಂಟಲಿನ ಅಕ್ಷರ ಇತ್ತೋ ಇಲ್ಲವೋ ನನಗೆ ಈಗ ನೆನಪಿಲ್ಲ. ಇದ್ದರೂ ನಾನು ಬರೆದುಕೊಂಡ ದಿನವೇ ಅದು ಬಿದ್ದುಹೋಗಿದೆ. ತಪ್ಪು ಅವರದಲ್ಲ, ನನ್ನ ಪೆನ್ಸಿಲಿನದು. ಹಾಗೆ ತಿಳಿದದ್ದೇ ತಡ, ಎದೆಯ ಮೇಲಿನ ಕಲ್ಲು ಇಳಿಯಿತು. ಪೆನ್ಸಿಲಿನ ತಪ್ಪನ್ನು ಪೆನ್ಸಿಲಿನಲ್ಲಿ ತಿದ್ದಬಹುದಲ್ಲ!

“ಹಂಗಾದ್ರೆ ಚುಕ್ಕೆ ಇಡಾಣ,” ಎಂದೆ.

“ಮೇಲೆ ಜಾಗ ಇಲ್ಲ ಅಜ್ಜಿ, ತಲೆಕಟ್ಟು ಐತೆ.”

“ಕೆಳಗೆ ಇಡು.”

ಹೀಗೆ ಶುರುವಾಯಿತು. ಅಜ್ಜಿ ಒಂದೊಂದು ಸಾಲು ಓದುವುದು, ಮೊಮ್ಮಗಳು ಉಸ್ತಾನಿಯನ್ನು ಕೇಳಿಕೊಂಡು ಬಂದು ‘ಇದು ಗಂಟ್ಲಿಂದು’, ‘ಇದು ಬಾಯಿಂದು’ ಎಂದು ತೀರ್ಪು ಕೊಡುವುದು, ನಾನು ಕೆಂಪು ಪೆನ್ಸಿಲಿನಲ್ಲಿ ‘ಕ’ದ ಕೆಳಗೆ ಎರಡು ಚುಕ್ಕೆ ಇಡುವುದು. ಐವತ್ತೆಂಟು ವರ್ಷದವಳಿಗೆ ಆರು ವರ್ಷದ ಮೇಡಂ. ತಪ್ಪಿದರೆ ಕಣ್ಣು ಬಿಡುತ್ತಿದ್ದಳು. “ಅಜ್ಜೀ, ನಿಂಗೆ ಎಷ್ಟ್ ಸಲ ಹೇಳ್ಬೇಕು?” ನನಗೆ ಆ ಗದರಿಕೆ ಕೇಳುವುದೇ ಒಂದು ಹಬ್ಬ. ಬೇಕೆಂದೇ ತಪ್ಪು ಹೇಳಿದ್ದೂ ಉಂಟು.

ಬರೆಯುವುದು ಸುಲಭ, ಹೇಳುವುದು ಕಷ್ಟ. ನಾಲಿಗೆಯ ಬುಡ ಮೇಲಕ್ಕೆ ತಾಗಿ ಬಿಡಬೇಕು. ನನಗೋ ಕೆಮ್ಮು ಬರುತ್ತಿತ್ತು. ಉಪ್ಪುನೀರು ಮುಕ್ಕಳಿಸುತ್ತ ಅಭ್ಯಾಸ ಮಾಡಿದೆ. ಬಾವಿಕಟ್ಟೆಯ ಹತ್ತಿರ ನಿಂತು ಕ್‌, ಕ್‌, ಕ್‌ ಎನ್ನುತ್ತಿದ್ದರೆ ಮುನಿಯಮ್ಮ ಓಡಿಬಂದಳು.

“ಏನಮ್ಮೋ, ಮೂಳೆ ಸಿಕ್ಕಾಕ್ಕೊಂತಾ?”

“ಇಲ್ಲ ಕಣವ್ವ, ಕಾಫ್ ಬರ್ತಿಲ್ಲ.”

“ಕಾಫಿ ಬರ್ದಿದ್ರೆ ಟೀ ಕುಡಿ. ಅದಕ್ಕ್ಯಾಕೆ ಅಂಗೆ ಒದ್ದಾಡ್ತೀಯ?”

ಆಮೇಲೆ ವಿಷಯ ತಿಳಿದು ಆಕೆಯೂ ಪಕ್ಕದಲ್ಲಿ ನಿಂತು ಪ್ರಯತ್ನಿಸಿದಳು. ಹೇಳಿದರೆ ನಂಬುತ್ತೀರೋ ಇಲ್ಲವೋ, ಆಕೆಗೆ ಮೂರನೆಯ ಸಲಕ್ಕೇ ಬಂದುಬಿಟ್ಟಿತು! ದಿನವೂ ಎಮ್ಮೆ ಹೊಡೆಯುವ ಗಂಟಲು. ನನಗೆ ಹೊಟ್ಟೆಕಿಚ್ಚಾಯಿತು. “ನಿಂಗೇನ್ ಉಪಯೋಗ ಅದು, ನಂಗೆ ಕೊಡೇ,” ಎಂದೆ. “ಎಮ್ಮೆ ಕರೆಯೋ ಹಂಗೆ ಕರಿ, ಬತ್ತೈತೆ,” ಎಂದಳು. ನಿಜ ಹೇಳುತ್ತೇನೆ, ಹಾಗೆ ಮಾಡಿಯೇ ನನಗೆ ಬಂತು. ನಾಲ್ಕು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಹಾಸಿಗೆ ಹೊಲಿಯುತ್ತ ಕೂತಿದ್ದಾಗ, ತಾನಾಗಿ. ಶಮೀಮಾ ಹಲಗೆ ಬಿಟ್ಟು ಎದ್ದು ಕುಣಿದಳು. ದಾದಾಪೀರ ಬಿಲ್ಲು ನಿಲ್ಲಿಸಿ, “ಏನಾತು, ಹಾವು ಬಂತಾ?” ಎಂದ.

ಈ ನಾಲ್ಕು ತಿಂಗಳೂ ನಾನು ಗುರುವಾರ ತಪ್ಪಿಸಲಿಲ್ಲ. ಚಪ್ಪಲಿಗಳ ಪಕ್ಕ ಕೂತು ಕೇಳಿದೆ. ಆಪಾ ತೆರೆಯಬೇಡಿ ಎಂದಿದ್ದರು, ತರಬೇಡಿ ಎಂದಿರಲಿಲ್ಲ. ಆದ್ದರಿಂದ ನೋಟ್‌ಬುಕ್ಕು ಮಡಿಲಲ್ಲಿ ಇದ್ದೇ ಇತ್ತು. ಬಾಗಿಲ ಹತ್ತಿರ ಕೂತವರಿಗೆ ಒಂದು ಅನುಕೂಲ ಉಂಟು: ಎಲ್ಲರ ಬೆನ್ನೂ ಕೈಯೂ ಕಾಣುತ್ತದೆ. ಅಲ್ಲಿ ಒಂದು ವಿಚಿತ್ರ ಕಂಡೆ. ನನ್ನ ಮುಂದಿನ ಸಾಲಿನಲ್ಲಿ ರಜಿಯಾ ಎಂಬ ಹೊಸ ಸೊಸೆ ಕೂರುತ್ತಿದ್ದಳು, ಮಂಡ್ಯದ ಕಡೆಯ ಹುಡುಗಿ. ಉರ್ದು ಪುಸ್ತಕ ಹಿಡಿದು ತುಟಿ ಆಡಿಸುತ್ತಿದ್ದಳು. ಆದರೆ ಎಲ್ಲರೂ ಹಾಳೆ ತಿರುಗಿಸಿದ ಮೇಲೆ ಇವಳು ಪಕ್ಕದವಳನ್ನು ನೋಡಿ ತಿರುಗಿಸುತ್ತಿದ್ದಳು.

ಬೂಂದಿ ಹಂಚುವಾಗ ಮೆಲ್ಲಗೆ ಕೇಳಿದೆ. “ಮಗಾ, ನಿಂಗೂ ಉರ್ದು ಬರಲ್ವಾ?”

ಅವಳ ಕಣ್ಣು ತುಂಬಿತು. “ಮೆಲ್ಲಗೆ ಮಾತಾಡಿ ಅಮ್ಮಾ. ನಾನು ಕನ್ನಡ ಇಸ್ಕೂಲಲ್ಲಿ ಎಂಟ್ನೇ ಕ್ಲಾಸ್ ಓದಿದ್ದು. ನಮ್ಮತ್ತೆಗೆ ಹೇಳ್ಬೇಡಿ.”

“ನೀನೊಬ್ಳೇನಾ?”

ಅವಳು ಬೆರಳು ತೋರಿಸಿದಳು. ಆ ನೀಲಿ ಸೀರೆ. ಆ ಮೂಲೆಯಲ್ಲಿರೋರು. ಕಂಬದ ಹತ್ತಿರದ ಇಬ್ಬರು. ನೋಡಿದರೆ, ಗಂಬಳಿಯ ಮೇಲೆ ಕೂತವರಲ್ಲಿ ಎಷ್ಟೋ ಮಂದಿ ನನ್ನ ಜೊತೆ ಚಪ್ಪಲಿ ಪಕ್ಕ ಇರಬೇಕಾದವರೇ!

ಮುಂದಿನ ಗುರುವಾರದಿಂದ ರಜಿಯಾ ಹಿಂದಕ್ಕೆ ಸರಿದು ನನ್ನ ಪಕ್ಕ ಕೂತಳು. ನಾನು ಸೆರಗಿನ ಮರೆಯಲ್ಲಿ ನೋಟ್‌ಬುಕ್ಕು ಬಿಚ್ಚಿದೆ, ತಪ್ಪೋ ಸರಿಯೋ. ಎರಡು ಚುಕ್ಕೆ ಇದ್ದಲ್ಲಿ ಗಂಟಲು, ಇಲ್ಲದಲ್ಲಿ ಬಾಯಿ ಎಂದು ಬೆರಳಿನಲ್ಲಿ ತೋರಿಸಿದೆ. ಎಲ್ಲರೂ ಸೇರಿ ಸಲಾಮು ಓದುವಾಗ ಅವಳ ದನಿ ಮೊದಲ ಸಲ ಹೊರಗೆ ಬಂತು. ಆಹಾ, ಏನು ದನಿ! ಹೊಸ ಗಡಿಗೆಗೆ ನೀರು ಬಿದ್ದ ಹಾಗೆ.

ಆಪಾ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. “ರಜಿಯಾ, ನೀನಾ ಓದಿದ್ದು? ಇಷ್ಟು ದಿನ ಎಲ್ಲಿತ್ತು ಈ ಆವಾಜು? ಯಾರು ಕಲಿಸಿದ್ರು?”

ರಜಿಯಾ ಬೆವರಿದಳು. ಅವಳ ಅತ್ತೆ ಅಲ್ಲೇ ಕೂತಿದ್ದರು. ನಾನು ಎದ್ದು ನಿಂತೆ. “ನನ್ನ ಬುಕ್ಕು ಆಪಾ. ನೀವು ತೆಗೀಬೇಡಿ ಅಂದಿದ್ರಿ, ನಾನು ತೆಗೆದೆ. ಬೈಯೋದಿದ್ರೆ ನನ್ನ ಬೈರಿ.”

“ತನ್ನಿ ಇಲ್ಲಿ.”

ಚಪ್ಪಲಿಗಳನ್ನು ದಾಟಿ, ಗಂಬಳಿ ತುಳಿದು, ಅವರ ಮುಂದೆ ಇಟ್ಟೆ. ಆಪಾ ಕನ್ನಡಕ ಹಾಕಿಕೊಂಡರು. ಒಂದು ಹಾಳೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಸ್ವಲ್ಪ ದೂರ ಹಿಡಿದರು, ಹತ್ತಿರ ತಂದರು. ಆಗ ನನಗೆ ಅರ್ಥವಾಯಿತು. ಆಪಾಗೆ ಕನ್ನಡ ಅಕ್ಷರ ಒಂದೂ ಬಾರದು. ಇಡೀ ಮನೆಯ ಮುಂದೆ ಪುಸ್ತಕ ಹಿಡಿದು ಕೂತ ಆ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ನಾಲ್ಕು ತಿಂಗಳ ಹಿಂದೆ ಅದು ನನ್ನದಾಗಿತ್ತು. ನಗಬಹುದಿತ್ತು. ನಗಲಿಲ್ಲ. ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟೆ. “ಇದು ಕ.”

“ಈ ಕೆಂಪು ಚುಕ್ಕೆ ಏನು?”

“ಅದು ನಿಮ್ಮ ಕಾಫ್ ಆಪಾ. ಗಂಟಲಿಂದು. ಮೇಲೆ ಜಾಗ ಇರಲಿಲ್ಲ, ಕೆಳಗೆ ಕೂರಿಸೀನಿ.”

ಆಪಾ ಆ ಚುಕ್ಕೆಗಳ ಮೇಲೆ ತಾವೂ ಬೆರಳಿಟ್ಟು ನೋಡಿದರು. ಆಮೇಲೆ ಹೇಳಿದರು, “ಓದಿ.”

ನಾನು ಓದಿದೆ. ಅದೇ ಹಾಡು, ನಮ್ಮತ್ತೆಯದು. ಮೊದಲ ಮಾತು ಬಂದಾಗ ಕಣ್ಣು ಮುಚ್ಚಿಕೊಂಡು, ಎಮ್ಮೆಯನ್ನು ನೆನೆದುಕೊಂಡು, ಗಂಟಲ ಬುಡದಿಂದ ತೆಗೆದೆ. ಕಲ್ಬಿನ ಮನೆಯಾಗೆ ದೀಪ ಹಚ್ಚೀನಿ. ಈ ಪತ್ರಿಕೆಯ ಅಚ್ಚಿನ ಮನೆಯವರ ಹತ್ತಿರ ಆ ಚುಕ್ಕೆ ಇಲ್ಲವಂತೆ. ಓದುವವರು ನೀವೇ ಪೆನ್ಸಿಲಿನಲ್ಲಿ ಇಟ್ಟುಕೊಳ್ಳಿ. ಯಾರೂ ಸೆರಗು ಬಾಯಿಗೆ ಇಡಲಿಲ್ಲ. ಎರಡನೆಯ ಸಾಲಿಗೆ ರಜಿಯಾ ಹಿಂದಿನ ದನಿ ಕೊಟ್ಟಳು. ಮೂರನೆಯದಕ್ಕೆ ನೀಲಿ ಸೀರೆಯವಳು. ನಾಲ್ಕನೆಯದಕ್ಕೆ ಕಂಬದ ಹತ್ತಿರದ ಇಬ್ಬರೂ.

ಮುಗಿದ ಮೇಲೆ ಆಪಾ ಕನ್ನಡಕ ತೆಗೆದರು. “ಕಾಫ್ ಬಂದಿದೆ. ಗೈನ್ ಇನ್ನೂ ಬಂದಿಲ್ಲ, ಮೂರು ಕಡೆ ತಪ್ಪಿದ್ರಿ. ಅದಕ್ಕೂ ಚುಕ್ಕೆ ಇಡಿ.” ಗೈನ್ ಎಂದರೆ ‘ಗ’ದ ಜಾತಿಯ ಇನ್ನೊಂದು ಗಂಟಲಿನ ಅಕ್ಷರ. ಆಮೇಲೆ ತಮ್ಮ ಪಕ್ಕದ ದಿಂಬು ಸರಿಸಿದರು. “ಇಲ್ಲಿ ಕೂತ್ಕೊಳ್ಳಿ. ಅಲ್ಲಿ ಗಾಳಿ ಬರುತ್ತೆ.”

ಇಷ್ಟೇ ಹೇಳಿದ್ದು. ಹೊಗಳಲಿಲ್ಲ, ಕ್ಷಮೆ ಕೇಳಲಿಲ್ಲ. ಆಪಾ ಅಂಥವರಲ್ಲ. ಆದರೆ ಆ ವರ್ಷ ನಬಿಯವರ ತಿಂಗಳು ಬಂದಾಗ ಹನ್ನೆರಡನೆಯ ದಿನ ಮೊದಲ ಹಾಡು ಎತ್ತಿಕೊಟ್ಟವಳು ನಾನು. ಹೊಸ ಫ್ರಾಕು ಹಾಕಿಕೊಂಡು, ತಲೆಗೆ ದಾವಣಿ ಸುತ್ತಿಕೊಂಡು ನನ್ನ ಮೊಣಕಾಲಿಗೆ ಅಂಟಿ ಕೂತಿದ್ದ ಶಮೀಮಾ ಹಿಂದಿನ ದನಿ ಕೊಟ್ಟಳು. ಅವಳ ಒಂದು ಅಕ್ಷರವೂ ತಪ್ಪಲಿಲ್ಲ, ನೋಟ್‌ಬುಕ್ಕು ನೋಡಲೂ ಇಲ್ಲ. ಆಪಾ ‘ಆಮೀನ್’ ಎಂದರು. ಕನ್ನಡದ ಹಾಡಿಗೆ! ಜಯನಗರದಲ್ಲಿ! ಮನೆಗೆ ಬಂದು ಮುನಿಯಮ್ಮನ ಬಾಯಿಗೆ ಬೂಂದಿ ತುರುಕಿದೆ. “ನನ್ ಎಮ್ಮೆಗೂ ಒಂದ್ ಪೊಟ್ಣ ಕೊಡು, ಅದೇ ಕಣೇ ನಿನ್ ಗುರು,” ಎಂದಳು. ಕೊಟ್ಟೆ.

ಈಗ ಶಮೀಮಾಗೆ ಎಂಟು ತುಂಬಿದೆ. ಅವಳೂ ರಜಿಯಾಳೂ ಸೇರಿ ಶಾಲೆಯ ನೋಟ್‌ಬುಕ್ಕುಗಳಲ್ಲಿ ನನ್ನ ಪುಸ್ತಕವನ್ನು ಬರೆದು ಬರೆದು ಕೊಡುತ್ತಿದ್ದಾರೆ, ಚುಕ್ಕೆ ಸಮೇತ. ಕೇಳುವವರು ದಿನಕ್ಕೊಬ್ಬರು. ಕನ್ನಡ ಶಾಲೆಗೆ ಹೋಗುವ ಹುಡುಗಿಯರೇ ಈ ಬಡಾವಣೆಯಲ್ಲಿ ಹೆಚ್ಚು. ಮೊನ್ನೆ ಆಪಾ ಕೂಡ ಮೆಲ್ಲಗೆ ಕೇಳಿದರು, “ಈ ಕ ಬರೆಯೋದು ಹೇಗೆ, ತೋರಿಸಿ.” ಕೈ ಹಿಡಿದು ಬರೆಸಿದೆ. ತಲೆಕಟ್ಟು ಸೊಟ್ಟ. ಬರುತ್ತದೆ, ಬಿಡುವುದಿಲ್ಲ ನಾನು.

ಇಷ್ಟು ಹೇಳಿ ನಿಲ್ಲಿಸಿದರೆ ಬರೀ ಸಂತೋಷ. ಆದರೆ ಇನ್ನೊಂದನ್ನೂ ಹೇಳಬೇಕು.

ಕಳೆದ ಬೇಸಗೆಯಲ್ಲಿ ಹಿರಿಯೂರಿಗೆ ಹೋಗಿದ್ದೆ. ನಾದಿನಿ ಖಾಸಿಂಬಿಯ ಮೊಮ್ಮಗನಿಗೆ ನಲವತ್ತು ದಿನ ತುಂಬಿತ್ತು. ನಾನು ಬಂದೆನೆಂದು ಓಣಿಯವರೆಲ್ಲ ಪಡಸಾಲೆಯಲ್ಲಿ ಸೇರಿದರು. ಅದೇ ಗೋಡೆ, ಅದೇ ಊದುಬತ್ತಿ. ಹಾಡು ಎತ್ತಿದೆ. ಮೊದಲ ಮಾತಿಗೇ ಖಾಸಿಂಬಿ ತಡೆದಳು. “ಇದೇನೇ ಹುಸೇನಿ, ಕೆಮ್ಮು ಹಿಡ್ಕಂತಾ ಬೆಂಗ್ಳೂರ್ ನೀರಿಗೆ?” ಎಲ್ಲರೂ ನಕ್ಕರು. ನಾನು ಎರಡು ಕಾಫಿನ ಕಥೆ ಹೇಳಿದೆ. ಕೇಳಿದರು, ತಲೆ ಆಡಿಸಿದರು. ಮತ್ತೆ ಶುರುಮಾಡಿದಾಗ ಅವರ ಬಾಯಲ್ಲಿ ಹಳೆಯದೇ ಬಂತು. ಮೂವತ್ತು ವರ್ಷ ನಾನೇ ಕಲಿಸಿದ್ದಲ್ಲವೇ! ಎಲ್ಲ ಮಾತಿನಲ್ಲೂ ಅವರ ಜೊತೆ ಇದ್ದೆ, ಆ ಒಂದು ಅಕ್ಷರದಲ್ಲಿ ಮಾತ್ರ ಒಬ್ಬಳೇ. ಯಾರಿಗೂ ಕೇಳಿಸದಷ್ಟು ಸಣ್ಣ ಬಿರುಕು. ನನಗೆ ಪ್ರತಿ ಸಾಲಿನಲ್ಲೂ ಕೇಳಿಸಿತು.

ಅಲ್ಲಿ ಗೋಡೆಗೆ ಒರಗಿ ಕೂತಾಗ ಮೈಗೆ ಆದ ಹಾಯಿ ಆಪಾರ ದಿಂಬಿನಲ್ಲಿ ಇವತ್ತಿಗೂ ಆಗಿಲ್ಲ. ಆಪಾರ ಮನೆಯಲ್ಲಿ ಸರಿಯಾಗಿ ಓದಿದಾಗ ಬೆನ್ನು ನೆಟ್ಟಗಾಗುತ್ತದಲ್ಲ, ಅದು ಅಲ್ಲಿ ಆಗಲಿಲ್ಲ.

ಈಗ ಖಾಸಿಂಬಿ ಕಾಗದ ಬರೆಸಿದ್ದಾಳೆ: “ಈ ಸಲ ನಬಿಯವರ ತಿಂಗಳಿಗೆ ನೀನೇ ಬಂದು ಓದಬೇಕು, ಹನ್ನೆರಡು ದಿನವೂ. ನೀನು ಹೋದಾಗಿನಿಂದ ನಿನ್ನ ಜಾಗದಲ್ಲಿ ಯಾರೂ ಕೂತಿಲ್ಲ. ಸುತ್ತ ಕೂತು ಹಾಡಿ ಎದ್ದುಬಿಡುತ್ತೇವೆ.” ಕಾಗದವನ್ನು ಶಮೀಮಾಳಿಂದ ಮೂರು ಸಲ ಓದಿಸಿಕೊಂಡೆ, ನನಗೇ ಓದಲು ಬಂದರೂ. ಇಲ್ಲಿಯೋ, ಈ ವರ್ಷ ಹನ್ನೆರಡನೆಯ ದಿನ ಮೊದಲ ಹಾಡು ಎತ್ತಿಕೊಡುವವಳು ಶಮೀಮಾ. ಆಪಾ ತಾವಾಗಿ ಹೇಳಿದ್ದಾರೆ. ಹಿಂದಿನ ದನಿ ಅಜ್ಜಿಯದು.

ಚಂದ್ರ ಎರಡೂ ಊರಿಗೆ ಒಂದೇ. ಹನ್ನೆರಡನೆಯ ದಿನ ಹಿರಿಯೂರಿಗೂ ಜಯನಗರಕ್ಕೂ ಒಂದೇ ದಿನ ಬರುತ್ತದೆ. ನಾನು ಇರುವುದೂ ಒಬ್ಬಳೇ.

ಖಾಸಿಂಬಿ, ನಾನು ಈ ಸಲ ಬರುವುದಿಲ್ಲ. ಈ ಮಾತನ್ನು ನಿನಗೆ ಯಾರಾದರೂ ಓದಿ ಹೇಳುವಾಗ ಬೇಜಾರು ಮಾಡಿಕೊಳ್ಳಬೇಡ. ನೋಟ್‌ಬುಕ್ಕಿನ ಒಂದು ಪ್ರತಿ ಈ ವಾರವೇ ಕಳಿಸುತ್ತಿದ್ದೇನೆ, ಚುಕ್ಕೆ ಇಟ್ಟದ್ದು. ಶಾಲೆಗೆ ಹೋಗುವ ಯಾವ ಹುಡುಗಿಯಾದರೂ ಓದುತ್ತಾಳೆ. ಗಂಟಲಿನಿಂದ ಬಂದರೆ ಬರಲಿ. ಬಾರದಿದ್ದರೆ ನಾಲ್ಕು ತಿಂಗಳು ಕಾಯಿರಿ, ಆದರೆ ಹಾಡು ನಿಲ್ಲಿಸಬೇಡಿ. ನನ್ನ ಜಾಗ ಖಾಲಿ ಬಿಡಬೇಡ. ನೀನೇ ಕೂತುಕೋ. ಕೂರುವ ಮುಂಚೆ ಒಂದು ಸಲ ಮಾತ್ರ, ಎಲ್ಲರಿಗೂ ಕೇಳುವ ಹಾಗೆ, ಇದು ಹುಸೇನಿಯ ಜಾಗ ಎಂದು ಹೇಳಿ ಕೂತುಕೋ.